ಅಡುಗೆಕಟ್ಟೆಗೆ ಬಂದ ಕಲ್ಲುಗಳು

ಪುಣೆಯ ನಮ್ಮ ಮನೆಯ ಅಡುಗೆಕಟ್ಟೆಯನ್ನು ಒಡೆಸಿ ಹೊಸದು ಮಾಡಿಸಬೇಕು ಎಂದು ನಾನು ಹೇಳಿದ ದಿನದಿಂದ ಅವ್ವ ಮಾತು ಕಡಿಮೆ ಮಾಡಿದ್ದಳು. ಅಪ್ಪ ಕಲಬುರಗಿ ಬಿಟ್ಟು ಇಲ್ಲಿಗೆ ಬಂದು, ಹತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು, 1987ರಲ್ಲಿ ಕೊಂಡ ಎರಡು ಕೋಣೆಯ ಮನೆ ಇದು. ಕಟ್ಟೆಯ ಮೇಲಿನ ಕರಿಕಲ್ಲು ಆಗಿನದೇ. ಬರ್ನರಿನ ಸುತ್ತ ಬೆಳ್ಳಗಾಗಿದೆ, ಸಿಂಕಿನ ಪಕ್ಕ ಅಂಚು ಸವೆದು ಗುಂಡಗಾಗಿದೆ, ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಅವ್ವನ ವಾದ ಒಂದೇ: "ಏನಾಗ್ಯಾದ ಈ ಕಲ್ಲಿಗಿ? ಗಟ್ಟಿ ಅದ. ನಮ್ ಕಡೀ ಕಲ್ಲು ಇದು. ತೆಗಿಬ್ಯಾಡ."

ನಮ್ಮ ಕಡೆಯ ಕಲ್ಲು ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಮರುದಿನ ಕಲ್ಲಿನ ಅಂಗಡಿಗೆ ಹೋದೆ. ಅಂಗಡಿಯವನು ಕೇಳಿದ ಮೊದಲ ಪ್ರಶ್ನೆ "ಯಾವ ಕಲ್ಲು?" ಅಲ್ಲ, "ಯಾವ ಗ್ರಾನೈಟ್?" ಎಂದು. ಮರಾಠಿಯಲ್ಲಿ ಓಟಾ ಎಂದು ಕರೆಯುವ ಅಡುಗೆಕಟ್ಟೆಗೆ ಗ್ರಾನೈಟ್ ಹೊರತು ಬೇರೆ ಇರಬಹುದು ಎಂಬುದೇ ಅವನಿಗೆ ಮರೆತುಹೋದಂತಿತ್ತು. ಮೂವತ್ತೈದು ವರ್ಷ ಹಿಂದೆ ಅದೇ ಅಂಗಡಿಯಲ್ಲಿ "ಓಟ್ಯಾಕ್ಕೆ ಕಲ್ಲು" ಎಂದರೆ ಕೇಳದೆಯೇ ಕಡಪಾ ತೋರಿಸುತ್ತಿದ್ದರು. ಅದಕ್ಕೂ ಮೊದಲು, ನೆಲಕ್ಕೆ ಕಲ್ಲು ಎಂದರೆ ಕೇಳದೆಯೇ ಶಹಾಬಾದಿ. ನಾವು ಆರಿಸುತ್ತೇವೆ ಎಂದುಕೊಳ್ಳುವ ಕಲ್ಲನ್ನು ನಮಗಿಂತ ಮೊದಲು ಯಾರು ಯಾರು ಆರಿಸಿಟ್ಟಿದ್ದರು ಎಂದು ನೋಡಹೊರಟಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಣೆಯ ನೆಲ. ಇಲ್ಲಿ ಎಲ್ಲಿ ಅಗೆದರೂ ಸಿಗುವುದು ದಖ್ಖನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್. ಕೋಟೆ, ವಾಡೆಯ ತಳಪಾಯ, ನದಿಯ ಘಾಟು ಎಲ್ಲ ಅದರದೇ. ಗಟ್ಟಿಯ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿ ಪದರವಿಲ್ಲ. ಉಳಿಯಿಟ್ಟು ಬಡಿದರೆ ಅದು ದಿಮ್ಮಿಯಾಗಿ, ಚೂರಾಗಿ ಒಡೆಯುತ್ತದೆಯೇ ಹೊರತು ತೆಳ್ಳಗಿನ ಹಾಸುಗಲ್ಲಾಗಿ ಏಳುವುದಿಲ್ಲ. ಗೋಡೆಗೆ ಒದಗುವ ಕಲ್ಲು ನೆಲಕ್ಕೆ ಒದಗುವುದಿಲ್ಲ. ಹಾಗಾಗಿ ಆಗ ಈ ಕಡೆಯ ಮನೆಗಳಲ್ಲಿ ನೆಲ ಎಂದರೆ ಹೆಚ್ಚಾಗಿ ಸಗಣಿ ಸಾರಿಸಿದ ಮಣ್ಣಿನ ನೆಲವೇ ಆಗಿತ್ತು.

ಹಾಸುಗಲ್ಲು ಇದ್ದದ್ದು ಇಲ್ಲಿಂದ ಪೂರ್ವಕ್ಕೆ, ನಿಜಾಮನ ರಾಜ್ಯದಲ್ಲಿ. ಪುಣೆಯಿಂದ ರೈಲಿನಲ್ಲಿ ಕಲಬುರಗಿಗೆ ಹೋದವರು ಇದನ್ನು ಕಿಟಕಿಯಿಂದಲೇ ನೋಡಿರುತ್ತೀರಿ. ಸೊಲ್ಲಾಪುರ ದಾಟಿ ಕಲಬುರಗಿಯವರೆಗೂ ಕರಿ ಎರೆಮಣ್ಣು, ಟ್ರ್ಯಾಪ್ ಗುಡ್ಡ. ಕಲಬುರಗಿ ಬಿಟ್ಟು ಶಹಾಬಾದಿನ ಕಡೆ ಹೊರಟರೆ ನೆಲದ ಚರ್ಮವೇ ಬದಲಾಗುತ್ತದೆ. ಹಳಿಯ ಪಕ್ಕ ಪುಸ್ತಕ ಪೇರಿಸಿಟ್ಟ ಹಾಗೆ ಬೂದು ಬಣ್ಣದ ಪದರ ಪದರ ಕಲ್ಲು, ನೀರು ತುಂಬಿದ ಗಣಿಗುಂಡಿ, ಚಪ್ಪಡಿಯ ರಾಶಿ. ಇದು ಭೀಮಾ ಕೊಳ್ಳದ ಸುಣ್ಣಕಲ್ಲು. ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಒಂದು ಆಳವಿಲ್ಲದ ಸಮುದ್ರದ ತಳದಲ್ಲಿ ಸಾವಕಾಶವಾಗಿ ಕೂತ ಕೆಸರು. ಅದಕ್ಕೇ ಅದರಲ್ಲಿ ಚಿಪ್ಪು ಮೂಳೆ ಏನೂ ಸಿಗದು. ಕೂತ ಪದರದ ಗುಂಟ ಉಳಿ ಇಟ್ಟರೆ ಸಲೀಸಾಗಿ ಏಳುತ್ತದೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ತನ್ನ ದೊಡ್ಡ ವರದಿಯನ್ನು ಪ್ರಕಟಿಸಿದ.

ಇಂಗ್ಲಿಷರಿಗಿಂತ ಬಹಳ ಮೊದಲೇ ಈ ಕಲ್ಲಿನ ಗುಣ ಗೊತ್ತಿದ್ದವರು ಇದ್ದರು. ಚಿತ್ತಾಪುರ ಸೀಮೆಯಲ್ಲಿ ಭೀಮೆಯ ದಡದ ಸನ್ನತಿಯ ಪಕ್ಕ ಕನಗನಹಳ್ಳಿ ಇದೆ. ಅಲ್ಲಿ 1990ರ ದಶಕದಲ್ಲಿ ಅಗೆದಾಗ ಸಿಕ್ಕ ಬೌದ್ಧ ಸ್ತೂಪದ ಚಪ್ಪಡಿಗಳು ಇದೇ ಸುಣ್ಣಕಲ್ಲಿನವು. ಅದರಲ್ಲೊಂದರ ಮೇಲೆ ರಾಣಿ, ಪರಿಚಾರಕಿಯರ ಜೊತೆ ನಿಂತ ಒಬ್ಬ ರಾಜ. ಮೇಲೆ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಎಂದು ಹೆಸರು. ಅಶೋಕನ ಹೆಸರು ಬರೆದು ಕೆತ್ತಿದ ಚಿತ್ರವೊಂದು ನಮಗೆ ಉಳಿದದ್ದು ಈ ಕಲ್ಲಿನ ದಯೆಯಿಂದ. ಗಟ್ಟಿ ಗ್ರಾನೈಟಿನಲ್ಲಿ ಆ ಕಾಲದ ಉಳಿಯಿಂದ ಅಷ್ಟು ನಯವಾದ ಕೆಲಸ ಕಷ್ಟವಿತ್ತು. ಸುಣ್ಣಕಲ್ಲು ಮೆತ್ತಗೆ, ಅದಕ್ಕೇ ಶಿಲ್ಪಿಗೆ ಇಷ್ಟ. ಆ ಮೆತ್ತಗೆ ಎಂಬ ಗುಣವೇ ಮುಂದೆ ಅಡುಗೆಮನೆಯಲ್ಲಿ ಅದಕ್ಕೆ ಮುಳುವಾಯಿತು, ಆ ಮಾತಿಗೆ ಆಮೇಲೆ ಬರುತ್ತೇನೆ.

ಊರಿನ ಬಳಕೆಯಂತೂ ಹೇಳುವುದೇ ಬೇಡ. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ಗೋಡೆ ಈ ಕಲ್ಲಿನದು, ನೆಲ ಈ ಕಲ್ಲಿನದು, ಎಷ್ಟೋ ಮನೆಗಳಲ್ಲಿ ಮಾಡೂ ಈ ಕಲ್ಲಿನದೇ. ನನ್ನ ಅಜ್ಜಿಯ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಅಂಗಿ ಬಿಚ್ಚಿ ಬರಿಮೈಯಲ್ಲಿ ಮಲಗುತ್ತಿದ್ದ ನೆಲದ ತಂಪು ಇವತ್ತಿಗೂ ಬೆನ್ನಿಗೆ ನೆನಪಿದೆ.

ಈ ಕಲ್ಲನ್ನು ಊರು ಬಿಡಿಸಿದ್ದು ರೈಲು. ಮುಂಬೈಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1863ರಲ್ಲಿ ಭೋರ್ ಘಾಟನ್ನು ಹತ್ತಿಸಿತು. 1871ರಲ್ಲಿ ಅದರ ಆಗ್ನೇಯ ಮಾರ್ಗ ರಾಯಚೂರು ತಲುಪಿ ಮದ್ರಾಸ್ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಆ ಹಳಿ ಕಲಬುರಗಿ, ಶಹಾಬಾದ್, ವಾಡಿಯ ಮೇಲೆಯೇ ಹೋಗುತ್ತದೆ. ಮೂರು ವರ್ಷದ ನಂತರ, 1874ರಲ್ಲಿ, ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು ಬಂತು. ಕಲ್ಲು ಎತ್ತಿನ ಗಾಡಿಯಲ್ಲಿ ದೂರ ಹೋಗುವ ಸರಕಲ್ಲ, ಬೆಲೆಗಿಂತ ಬಾಡಿಗೆಯೇ ಹೆಚ್ಚಾಗುತ್ತದೆ. ಗಣಿಯ ಪಕ್ಕದಲ್ಲೇ ಹಳಿ ಬಂದಾಗ ಲೆಕ್ಕ ಬದಲಾಯಿತು. ಒಂದು ಕಡೆ ಹಾಸುಗಲ್ಲು ಇಲ್ಲದ ಪುಣೆ, ಮುಂಬೈ. ಇನ್ನೊಂದು ಕಡೆ ಹಾಸುಗಲ್ಲು ಬಿಟ್ಟರೆ ಬೇರೆ ಇಲ್ಲದ ಶಹಾಬಾದ್. ಮರಾಠಿಯಲ್ಲಿ "ಶಹಾಬಾದಿ ಫರಶಿ" ಎಂಬುದು ಮನೆಮಾತಾದದ್ದು ಹೀಗೆ. ಆ ಹೆಸರಿನ ಊರು ಕರ್ನಾಟಕದಲ್ಲಿದೆ ಎಂದು ಇಲ್ಲಿಯ ಎಷ್ಟೋ ಜನರಿಗೆ ಗೊತ್ತಿಲ್ಲ. ಒಮ್ಮೆ ಕಚೇರಿಯಲ್ಲಿ ನಾನು ಹೇಳಿದಾಗ ಸಹೋದ್ಯೋಗಿಯೊಬ್ಬರು "ಅದು ಊರಾ? ಕಲ್ಲಿನ ಜಾತಿ ಅಂದುಕೊಂಡಿದ್ದೆ" ಎಂದರು. ಹೈದರಾಬಾದಿನಲ್ಲಿರುವ ಓದುಗರಿಗೆ ಇದರ ಅಣ್ಣತಮ್ಮ ಪರಿಚಯವಿರುತ್ತದೆ: ತಾಂಡೂರ್ ಕಲ್ಲು. ರಾಜ್ಯ ಬೇರೆ, ಕೊಳ್ಳ ಒಂದೇ.

ಆದರೆ ಇಷ್ಟೂ ಕಾಲ ಕಲ್ಲು ಇದ್ದದ್ದು ನೆಲದ ಮೇಲೆ. ಅಡುಗೆ ನಡೆಯುತ್ತಿದ್ದದ್ದೂ ನೆಲದ ಮೇಲೆಯೇ. ಒಲೆ ಮಣ್ಣಿನದು, ಅದರ ಮುಂದೆ ಮಣೆ ಹಾಕಿಕೊಂಡು ಕೂತು ರೊಟ್ಟಿ ಬಡಿಯುವುದು, ಈಳಿಗೆಯ ಮೇಲೆ ಕೂತು ಹೆಚ್ಚುವುದು. ಹಾಗೆಂದು ಆಗ ಕಲ್ಲಿನ ಆಯ್ಕೆ ಇರಲಿಲ್ಲ ಎನ್ನುವಂತಿಲ್ಲ. ಬೀಸುಕಲ್ಲು, ಒಳಕಲ್ಲುಗಳನ್ನು ಕಾಲಬುಡದಲ್ಲಿ ಬಿದ್ದ ಸುಣ್ಣಕಲ್ಲಿನಿಂದ ಮಾಡುತ್ತಿರಲಿಲ್ಲ. ಮಾಡಿದರೆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. ಅದಕ್ಕೆ ಗಡಸು ಕರಿಕಲ್ಲೇ ಬೇಕು. ನೆಲಕ್ಕೆ ಮೆತ್ತನೆಯದು, ಅರೆಯಲು ಗಡಸಿನದು. ಅಜ್ಜಿಯರಿಗೆ ಈ ವಿಂಗಡಣೆ ಯಾರೂ ಕಲಿಸಬೇಕಿರಲಿಲ್ಲ.

ಒಲೆ ಎದ್ದು ನಿಂತದ್ದು ಪಟ್ಟಣದಲ್ಲಿ, ಅದೂ ಒಂದೇ ದಿನದಲ್ಲಲ್ಲ. ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟೋವು ಮೊದಲು ಬಂತು. ಅದನ್ನು ನೆಲದ ಮೇಲೂ ಇಡಬಹುದಿತ್ತು, ಇಡುತ್ತಿದ್ದರು. ಕಟ್ಟೆ ಬೇಕೇಬೇಕು ಎಂದು ಮಾಡಿದ್ದು ಸಿಲಿಂಡರ್. 1950ರ ದಶಕದಲ್ಲಿ ಬರ್ಮಾ ಶೆಲ್ ಕಂಪನಿ ಮುಂಬೈಯಲ್ಲಿ ಅಡುಗೆ ಅನಿಲದ ಮಾರಾಟ ಶುರು ಮಾಡಿತು. 1965ರಲ್ಲಿ ಇಂಡೇನ್ ಬಂತು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿ, ಬೆಂಕಿ ಹಿಡಿಯದ ಕಟ್ಟೆಯ ಮೇಲೆ ಇರಬೇಕು ಎಂಬುದು ಗ್ಯಾಸ್ ಕಂಪನಿಗಳ ನಿಯಮ. ನಮ್ಮ ತಾಯಂದಿರು ನಿಂತು ಅಡುಗೆ ಮಾಡಲು ಶುರು ಮಾಡಿದ್ದರಲ್ಲಿ ಆಧುನಿಕತೆಯ ಪಾಲಿಗಿಂತ ಈ ನಿಯಮದ ಪಾಲು ಕಡಿಮೆಯಲ್ಲ ಎಂದು ನನಗನ್ನಿಸುತ್ತದೆ. ಕೂತು ಏಳುವ ಕಷ್ಟ ತಪ್ಪಿತು. ನಿಂತು ನಿಂತು ಕಾಲು ಬಾಯುವ ಕಷ್ಟ ಬಂತು. ಅವ್ವ ಈಗಲೂ ಸೊಪ್ಪು ಸೋಸಲು ನೆಲಕ್ಕೇ ಕೂರುತ್ತಾಳೆ.

ಈಗ ಕಟ್ಟೆಗೆ ಎಂಥ ಕಲ್ಲು ಬೇಕು ನೋಡಿ. ಎರಡು ಅಡಿ ಅಗಲ, ಉದ್ದ ಬೇಕಾದಷ್ಟು. ಎರಡು ಗಿಡ್ಡ ಗೋಡೆಗಳ ಮೇಲೆ ಅಡ್ಡ ಮಲಗಿಸಿದರೆ ಮುರಿಯಬಾರದು, ಯಾಕೆಂದರೆ ಕೆಳಗೆ ಸಿಲಿಂಡರ್ ಕೂರಬೇಕು. ತೆಳ್ಳಗಿರಬೇಕು, ಅಗ್ಗವಾಗಿರಬೇಕು, ಕೊಳೆ ಕಾಣಬಾರದು. ಇದೆಲ್ಲ ಒಟ್ಟಿಗೆ ಇದ್ದದ್ದು ಕಡಪಾ ಕಲ್ಲಿನಲ್ಲಿ. ಅದೂ ಸುಣ್ಣಕಲ್ಲೇ, ಶಹಾಬಾದಿಯ ದೂರದ ಸಂಬಂಧಿ. ಆಂಧ್ರದ ಕಡಪಾ, ಕರ್ನೂಲು ಜಿಲ್ಲೆಗಳ ಕೊಳ್ಳದ್ದು. ಜಮ್ಮಲಮಡುಗು ಹತ್ತಿರದ ನಾರ್ಜಿ ಎಂಬ ಹಳ್ಳಿಯ ಹೆಸರನ್ನು ಭೂವಿಜ್ಞಾನಿಗಳು ಈ ಕಲ್ಲಿಗೆ ಇಟ್ಟಿದ್ದಾರೆ. ವಿಲಿಯಂ ಕಿಂಗ್ 1872ರಲ್ಲಿ ಈ ಕೊಳ್ಳದ ಬಗ್ಗೆ ಬರೆದ ವರದಿಯನ್ನು ಭೂವಿಜ್ಞಾನಿಗಳು ಇನ್ನೂ ಉಲ್ಲೇಖಿಸುತ್ತಾರೆ. ಶಹಾಬಾದಿ ಬೂದು, ಕಡಪಾ ಕಪ್ಪು. ಕಡಪಾ ಉದ್ದುದ್ದ ಹಲಗೆಯಾಗಿ ಬರುತ್ತದೆ, ಉಜ್ಜಿದರೆ ಹೊಳಪು ಹಿಡಿಯುತ್ತದೆ, ಮಸಿ, ಅರಿಸಿನ ಬಿದ್ದರೆ ಎದ್ದು ಕಾಣದು. ಹೀಗೆ ಪುಣೆ ಮುಂಬೈಗಳ ಮಧ್ಯಮ ವರ್ಗದ ಮನೆಯಲ್ಲಿ ಒಂದು ಅಲಿಖಿತ ಒಪ್ಪಂದವಾಯಿತು: ನೆಲಕ್ಕೆ ಶಹಾಬಾದಿ, ಕಟ್ಟೆಗೆ ಕಡಪಾ. ಚೆನ್ನೈಯಲ್ಲಿಯೂ ಹಳೆಯ ಮನೆಗಳ ಅಟ್ಟ, ಗೂಡು, ಅಡುಗೆಮನೆಯ ಹಲಗೆ ಈ ಕಡಪಾ ಕಲ್ಲಿನದೇ.

ಅದರ ದೋಷ ಒಂದೇ, ಆದರೆ ನಮ್ಮ ಅಡುಗೆಗೆ ಅದು ಸಣ್ಣ ದೋಷವಲ್ಲ. ಸುಣ್ಣಕಲ್ಲು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕರಗುತ್ತದೆ, ಸಣ್ಣಗೆ ಗುಳ್ಳೆ ಏಳುತ್ತದೆ. ನಿಂಬೆ, ಹುಣಸೆ, ಮೊಸರು, ಟೊಮೆಟೊ, ಕೋಕಂ ಇಲ್ಲದೆ ನಮ್ಮಲ್ಲಿ ಯಾವ ಅಡುಗೆ ಇದೆ? ಅವ್ವನ ಕಟ್ಟೆಯ ಬೆಳ್ಳನೆ ಗುರುತುಗಳು ಕೊಳೆಯಲ್ಲ, ಮೂವತ್ತೇಳು ವರ್ಷದ ಹುಣಸೆಹುಳಿ ತಿಂದ ಗಾಯ. ಉಜ್ಜಿದಷ್ಟೂ ಹೋಗದು, ಯಾಕೆಂದರೆ ಅಲ್ಲಿ ಏನೂ ಅಂಟಿಲ್ಲ, ಇದ್ದದ್ದು ಹೋಗಿದೆ. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿದರೆ ಮತ್ತೆ ಕಪ್ಪಾಗಿ ಕಾಣುತ್ತದೆ, ಎರಡು ದಿನ. ಇದೇ ಕಾರಣಕ್ಕೆ ಅಮೃತಶಿಲೆಯೂ ಕಟ್ಟೆಗೆ ಆಗದು. ತಾಜಮಹಲಿನ ಮಕ್ರಾಣವಾದರೂ ಅಷ್ಟೇ, ಜಾತಿಯಲ್ಲಿ ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಇಟಲಿಯ ಬಿಳಿ ಕಲ್ಲು ಹಾಕಿಸಿಕೊಂಡು ಅದರ ಮೇಲೆ ನಿಂಬೆಹಣ್ಣು ಹೆಚ್ಚಲು ಹೆದರುವ ಒಂದು ಮನೆಯನ್ನು ನಾನು ಬಲ್ಲೆ. ಅವರು ಚಹಾ ಮಾತ್ರ ಮಾಡುತ್ತಾರೆ.

ಹಾಗಾದರೆ ಹುಳಿಗೆ ಜಗ್ಗದ ಗ್ರಾನೈಟ್ ನಮ್ಮ ನಾಡಿನ ತುಂಬ ಇದ್ದಾಗ ಅದೇಕೆ ಮೊದಲೇ ಬರಲಿಲ್ಲ? ದಕ್ಷಿಣ ಕರ್ನಾಟಕದಲ್ಲಿ ಹೊಲದ ಬೇಲಿಯ ಕಂಬವೂ ಗ್ರಾನೈಟೇ. ರಾಮನಗರದ ಬೆಟ್ಟಗಳ ಕಲ್ಲನ್ನು, ಆ ಊರಿನ ಇಂಗ್ಲಿಷರ ಕಾಲದ ಹೆಸರಿನಿಂದ, ಜಗತ್ತಿನ ಭೂವಿಜ್ಞಾನಿಗಳೆಲ್ಲ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಬೆಂಗಳೂರಿನ ಸುತ್ತ ಬಂಡೆಯ ಮೇಲೆ ಬೆಂಕಿ ಹಾಕಿ, ಕಾವಿಗೆ ಮೇಲಿನ ಪದರ ಬಿಡುವಂತೆ ಮಾಡಿ, ಅಗಲಗಲ ಹಾಳೆ ಎಬ್ಬಿಸುವ ವಿದ್ಯೆ 19ನೇ ಶತಮಾನದಲ್ಲೇ ಹೊರಗಿನವರನ್ನು ಬೆರಗುಗೊಳಿಸಿತ್ತು. ಆದರೆ ಹಾಗೆ ಎದ್ದ ಕಲ್ಲು ಕೈಗಾತ್ರ ದಪ್ಪ, ಮೇಲ್ಮೈ ಒರಟು. ಅದನ್ನು ಹದಿನೆಂಟು ಮಿಲಿಮೀಟರಿಗೆ ಇಳಿಸಿ ಕನ್ನಡಿಯಂತೆ ಉಜ್ಜುವುದು ಕೈಕೆಲಸದಲ್ಲಿ ದೇವಸ್ಥಾನಕ್ಕೋ ಅರಮನೆಗೋ ಸರಿ, ಗುಮಾಸ್ತನ ಅಡುಗೆಮನೆಗಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ಗ್ರಾನೈಟೂ ಉಳಿಯ ಏಟಿನಿಂದಲೇ ರೂಪ ಪಡೆದದ್ದು.

ಗ್ರಾನೈಟಿನಲ್ಲಿರುವ ಸ್ಫಟಿಕ, ಅಂದರೆ ಕ್ವಾರ್ಟ್ಸ್, ಗಡಸುತನದ ಮೋಸ್ ಮಾಪನದಲ್ಲಿ 7. ಸುಣ್ಣಕಲ್ಲಿನ ಕ್ಯಾಲ್ಸೈಟ್ 3. ಉಕ್ಕಿನ ಚಾಕು ಇವೆರಡರ ನಡುವೆ. ಉಕ್ಕಿಗೆ ಬಗ್ಗದ್ದನ್ನು ಕೊಯ್ಯಲು ವಜ್ರವೇ ಬೇಕು, ವಜ್ರ ಅಗ್ಗವಾಗಬೇಕು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ಆಯಿತು. ಅದರ ಪುಡಿ ಕೂರಿಸಿದ ಗರಗಸ, ಉಜ್ಜುವ ಚಕ್ರಗಳು ನಮ್ಮಲ್ಲಿ ಹರಡಲು ಮತ್ತೆ ಮೂರು ದಶಕ ಹಿಡಿಯಿತು. ಬೆಂಗಳೂರಿನ ಜಿಗಣಿಯಲ್ಲಿ ಕಾರ್ಖಾನೆಗಳೆದ್ದವು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿದವು. ಸೀರೆಯಿಂದ ಹೆಸರಾದ ಇಳಕಲ್ಲನ್ನು ಹೊರದೇಶದ ಕಲ್ಲಿನ ವ್ಯಾಪಾರಿಗಳು ಬಣ್ಣದ ಗ್ರಾನೈಟಿನಿಂದ ಬಲ್ಲರು. ರಫ್ತಿಗೆಂದು ಬಂದ ಯಂತ್ರಗಳೇ 1990ರ ದಶಕದಲ್ಲಿ ಊರಿನ ಅಡುಗೆಕಟ್ಟೆಗೂ ಕಲ್ಲು ಕೊಯ್ಯತೊಡಗಿದವು. ಕೆಲವೇ ವರ್ಷಗಳಲ್ಲಿ ಕಡಪಾ ಬಡವರ ಕಲ್ಲಾಯಿತು, ಗ್ರಾನೈಟ್ ಕಟ್ಟೆ ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳುವ ವಿಷಯವಾಯಿತು.

ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವುದೆಲ್ಲ ಗ್ರಾನೈಟಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಾಮರಾಜನಗರದ ಕರಿಕಲ್ಲು ನಿಜದಲ್ಲಿ ಡಾಲರೈಟ್. ಚಿನ್ನದ ಚುಕ್ಕಿ ಹೊಳೆಯುವ ಬ್ಲ್ಯಾಕ್ ಗ್ಯಾಲಕ್ಸಿ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯ ಗ್ಯಾಬ್ರೊ. ಇದು ಮೋಸವಲ್ಲ, ವ್ಯಾಪಾರದ ಭಾಷೆ. ಅಡುಗೆಮನೆಗೆ ಇವು ಗ್ರಾನೈಟಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಒಳ್ಳೆಯವು. ಮೋಸ ಇರುವುದು ಬೇರೆ ಕಡೆ: ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದರಲ್ಲಿ. ಕಲ್ಲು ಆರಿಸಲು ಹೋಗುವವರು ಜೇಬಿನಲ್ಲಿ ಒಂದು ನಿಂಬೆಹಣ್ಣು, ಬಿಳಿ ಬಟ್ಟೆ, ಸ್ವಲ್ಪ ಥಿನ್ನರ್ ಒಯ್ಯಿರಿ. ತುಂಡಿನ ಮೇಲೆ ನಿಂಬೆರಸ ಹಿಂಡಿ ಕಾಲು ಗಂಟೆ ಬಿಟ್ಟು ಒರೆಸಿ, ಹೊಳಪು ಸತ್ತರೆ ಅದು ಸುಣ್ಣದ ಜಾತಿಯದು. ಥಿನ್ನರ್ ಹಚ್ಚಿದ ಬಟ್ಟೆಗೆ ಕಪ್ಪು ಹತ್ತಿದರೆ ಬಣ್ಣ ಕುಡಿದದ್ದು. ಒಂದು ಹನಿ ನೀರು ಹಾಕಿ, ಬೇಗ ಇಂಗಿ ಕಲೆಯಾದರೆ ಎಣ್ಣೆ ಅರಿಸಿನವೂ ಹಾಗೇ ಇಂಗುತ್ತದೆ. ನಾನು ನಿಂಬೆಹಣ್ಣು ತೆಗೆದಾಗ ಅಂಗಡಿಯವನು ದೃಷ್ಟಿ ತೆಗೆಯುತ್ತಿದ್ದಾನೆ ಎಂದುಕೊಂಡನೋ ಏನೋ. ಚಾಮರಾಜನಗರದ ಕರಿಕಲ್ಲನ್ನೇ ಆರಿಸಿದೆ.

ಕೂರಿಸುವ ದಿನ ಮೂವರು ಬಂದರು. ಹತ್ತಡಿ ಉದ್ದ ಎರಡಡಿ ಅಗಲದ ಆ ಹಲಗೆ ಸುಮಾರು ನೂರು ಕಿಲೋ. ಲಿಫ್ಟಿಗೆ ಹಿಡಿಯದೆ ಮೂರು ಮಹಡಿ ಹೊತ್ತು ತಂದರು. ಸಿಂಕಿನ ತೂತು ಕೊಯ್ಯಲು ಒಬ್ಬ ಕೈಗರಗಸ ಹಿಡಿದು, ಮುಖಕ್ಕೆ ಕರವಸ್ತ್ರ ಕಟ್ಟಿ ಕೂತ. ನಿಮಿಷದಲ್ಲಿ ಮನೆ ತುಂಬ ಬೂದಿ ಮುಚ್ಚಿದ ಹಾಗಾಯಿತು. ಕಲ್ಲಿನ ದೂಳಿನಲ್ಲಿರುವ ಕ್ವಾರ್ಟ್ಸಿನ ಸೂಕ್ಷ್ಮ ಕಣ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಅದನ್ನು ಗುಣಪಡಿಸುವ ಔಷಧಿಯಿಲ್ಲ. ನಮ್ಮ ಡಾಲರೈಟಿನಲ್ಲಿ ಕ್ವಾರ್ಟ್ಸ್ ಕಡಿಮೆ, ಗ್ರಾನೈಟಿನಲ್ಲಿ ಹೆಚ್ಚು, ಈಗ ಫ್ಯಾಶನ್ನಾಗಿರುವ ಕ್ವಾರ್ಟ್ಸ್ ಎಂಬ ಕಾರ್ಖಾನೆಯ ಕಲ್ಲಿನಲ್ಲಿ ಶೇಕಡಾ 90ರವರೆಗೂ ಅದೇ. ಕೊಯ್ಯುವವರು ಸಾಯುವುದನ್ನು ನೋಡಿ ಆಸ್ಟ್ರೇಲಿಯಾ 2024ರ ಜುಲೈಯಿಂದ ಅದನ್ನು ನಿಷೇಧಿಸಿತು. ನಾನು ಆರಿಸುವಾಗ ಹುಳಿ ನೋಡಿದ್ದೆ, ಬಣ್ಣ ನೋಡಿದ್ದೆ, ಈ ಕರವಸ್ತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ. ನೀರು ಸುರಿಯುತ್ತ ಕೊಯ್ಯಿರಿ ಎಂದೆ. "ನಿಮ್ಮ ನೆಲ ರಾಡಿ ಆಗ್ತದ್ರೀ" ಎಂದ. ಕನ್ನಡ! ಯಾದಗಿರಿ ಕಡೆಯವನು. ಆಗಲಿ ಬಿಡು ಎಂದು ಬಕೆಟ್ ತಂದು ನಾನೇ ಮಗ್ಗಿನಿಂದ ನೀರು ಹಾಕುತ್ತ ನಿಂತೆ.

ಹಳೆಯ ಕಟ್ಟೆ ಕಿತ್ತಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. "ನಮ್ ಕಡೀ ಕಲ್ಲು, ಜೋಪಾನ ತೆಗಿರಿ" ಎಂದಳು. ಯಾದಗಿರಿಯವನು ಹಲಗೆಯ ಮುರಿದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ ನಕ್ಕ. "ಇದು ನಮ್ ಕಡೀದಲ್ಲ್ರೀ ಯವ್ವಾ. ಇದು ಕಡಪಾ. ತೆಲುಗರದ್ದು." ಅವ್ವನ ಮುಖ ಸಣ್ಣಗಾಯಿತು. ಅವನು ಅಷ್ಟಕ್ಕೇ ಬಿಡಲಿಲ್ಲ. ಕಟ್ಟೆಯ ಗಿಡ್ಡ ಗೋಡೆ ಒಡೆದ ಕಡೆ, ಸಿಲಿಂಡರ್ ಇಡುತ್ತಿದ್ದ ಜಾಗದಲ್ಲಿ, ಅಪ್ಪ ಆಮೇಲೆ ಹಾಕಿಸಿದ ಟೈಲ್ಸು ಎದ್ದು ಬಂದಿತ್ತು. ಅದರ ಕೆಳಗೆ ಬೂದು ಬಣ್ಣದ ಚೌಕ. ಕಾಲಿನಿಂದ ಸಿಮೆಂಟಿನ ಪುಡಿ ಸರಿಸಿ, "ಇದು ನೋಡ್ರಿ, ಇದು ನಮ್ದು. ಶಹಾಬಾದಿ" ಎಂದ.

ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದು ಅದರ ಮೇಲೆ ಕಾಲಿಟ್ಟು ನಿಂತಳು. ಆ ಮೂಲೆಯ ನಾಲ್ಕು ಚೌಕ ಹಾಗೇ ಬಿಡಿಸಿದ್ದೇವೆ. ಕಡಪಾ ಹಲಗೆಯ ಒಳ್ಳೆಯ ಅರ್ಧ ಈಗ ಬಾಲ್ಕನಿಯಲ್ಲಿ, ಎರಡು ಸಾಲು ಇಟ್ಟಿಗೆಯ ಮೇಲೆ. ಹೊಸ ಕಟ್ಟೆಯ ಮೇಲೆ ಹಿಟ್ಟು ಜಾರುತ್ತದೆ ಎಂದು ಅವ್ವ ರೊಟ್ಟಿಯನ್ನು ಅಲ್ಲೇ ಕೂತು ಬಡಿಯುತ್ತಾಳೆ. ಬೆಳಿಗ್ಗೆ ಆ ಸದ್ದಿಗೆ ಪಕ್ಕದ ಮನೆಯ ಆಜಿ ಕಿಟಕಿ ತೆರೆದು, ತಮಗೂ ಎರಡು ಎಂದು ಬೆರಳು ತೋರಿಸುತ್ತಾರೆ.